ಶಕ್ತಿಪೀಠದ ಸ್ಥಳಪುರಾಣವನ್ನು ಬಿಡಿಸಿ ಓದುವ ಕ್ರಮ

ದೇವಿಯ ಕ್ಷೇತ್ರವೊಂದರ ಹುಟ್ಟಿನ ಕಥೆಯನ್ನು ತಿಳಿಯಲು ಹೊರಟವರಿಗೆ ಮೊದಲು ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ದಕ್ಷಯಜ್ಞದಲ್ಲಿ ಪ್ರಾಣ ಬಿಟ್ಟ ಸತಿಯ ದೇಹವನ್ನು ಶಿವನು ಹೆಗಲ ಮೇಲೆ ಹೊತ್ತು ಅಲೆಯುತ್ತಿದ್ದಾಗ ವಿಷ್ಣುವಿನ ಚಕ್ರ ಅದನ್ನು ತುಂಡರಿಸಿತು, ಇಂತಹ ಅಂಗ ಇಲ್ಲಿ ಬಿದ್ದಿತು. ಈ ಉತ್ತರ ತಪ್ಪೇನಲ್ಲ. ಆದರೆ ಹೀಗೆ ಅಂಗ ಬಿದ್ದ ಜಾಗಗಳೆನಿಸಿದ ಶಕ್ತಿಪೀಠಗಳಲ್ಲಿ ಬಹುಪಾಲು ಕಡೆ ಅದು ಮೇಲಿನ ಪದರ ಮಾತ್ರ. ಕೆಳಗೆ ಆ ಊರಿನದೇ ಆದ ಇನ್ನೊಂದು ಕಥೆ, ಕೆಲವೆಡೆ ಎರಡು ಮೂರು ಕಥೆಗಳು ಇರುತ್ತವೆ. ಸತಿಯ ಕಥೆ ಕ್ಷೇತ್ರವನ್ನು ದೇಶದ ಉಳಿದ ಪೀಠಗಳೊಂದಿಗೆ ಜೋಡಿಸಿದರೆ, ಊರಿನ ಕಥೆ ಅದನ್ನು ಅಲ್ಲಿನ ಬೆಟ್ಟ, ನದಿ, ಕೇರಿಗಳಿಗೆ ಕಟ್ಟಿಹಾಕುತ್ತದೆ. ಎರಡನ್ನೂ ಮೊದಲು ಬೇರ್ಪಡಿಸಿ ಓದಬೇಕು, ಅನಂತರವೇ ಕೂಡಿಸಬೇಕು.

ಆರಂಭಿಸಬೇಕಾದದ್ದು ಸತಿಯ ಕಥೆಯಿಂದಲೇ, ಏಕೆಂದರೆ ಅದು ಎಲ್ಲ ಕಡೆಯೂ ಒಂದೇ ರೂಪದಲ್ಲಿಲ್ಲ. ಕರ್ನಾಟಕದವರಿಗೆ ಅದರ ಮೊದಲರ್ಧ ಚೆನ್ನಾಗಿ ಗೊತ್ತು. ವೀರಗಾಸೆ ಕುಣಿತದಲ್ಲಿ ಹೇಳುವ ಒಡಪುಗಳಲ್ಲಿ ದಕ್ಷನ ಅಹಂಕಾರ, ವೀರಭದ್ರನ ಹುಟ್ಟು, ಯಜ್ಞದ ಧ್ವಂಸ ಎಲ್ಲವೂ ಬರುತ್ತವೆ, ದಕ್ಷನಿಗೆ ಕುರಿಯ ತಲೆ ಬರುವಲ್ಲಿಗೆ ಕಥೆ ಸಾಮಾನ್ಯವಾಗಿ ಮುಗಿಯುತ್ತದೆ. ಶವವನ್ನು ಹೊತ್ತು ತಿರುಗಿದ ಉತ್ತರಾರ್ಧ ಬೇರೆಯ ದಾರಿಯಿಂದ ಬಂದದ್ದು. ಮಹಾಭಾರತದ ಶಾಂತಿಪರ್ವದಲ್ಲಿ ಯಜ್ಞ ಹಾಳಾಗುತ್ತದೆ, ಆದರೆ ದೇವಿ ಸಾಯುವುದಿಲ್ಲ. ಕಾಳಿದಾಸನ ಕುಮಾರಸಂಭವದಲ್ಲಿ ಸತಿ ಯೋಗದಿಂದ ದೇಹ ಬಿಡುತ್ತಾಳೆ, ಆ ದೇಹ ಎಲ್ಲಿಯೂ ಬೀಳುವುದಿಲ್ಲ. ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ಅವಳ ದೇಹ ಯೋಗಾಗ್ನಿಯಲ್ಲಿ ಉರಿದುಹೋಗುತ್ತದೆ. ಹಾಗಿರುವಾಗ ಹೊತ್ತು ತಿರುಗಲು ಉಳಿದದ್ದೇನು? ದೇವೀಭಾಗವತಕ್ಕೆ ಈ ತೊಡಕು ಗೊತ್ತಿದ್ದಂತೆ ಕಾಣುತ್ತದೆ. ಅಲ್ಲಿ ಶಿವನು ಬೆಂಕಿಯಲ್ಲಿ ಬೇಯುತ್ತಿರುವ ದೇಹವನ್ನೇ ಎತ್ತಿ ಹೆಗಲಿಗೇರಿಸುತ್ತಾನೆ, ವಿಷ್ಣು ಅದನ್ನು ಕತ್ತರಿಸುವುದು ಚಕ್ರದಿಂದಲ್ಲ, ಬಾಣಗಳಿಂದ. ಅಸ್ಸಾಮಿನ ನೆಲದಲ್ಲಿ ಬೆಳೆದ ಕಾಲಿಕಾಪುರಾಣದಲ್ಲಿ ಬ್ರಹ್ಮ, ವಿಷ್ಣು ಮತ್ತು ಶನಿ ಮೂವರೂ ಶವದೊಳಗೆ ಹೊಕ್ಕು ಅದನ್ನು ತುಂಡು ತುಂಡಾಗಿ ಬೀಳಿಸುತ್ತಾರೆ.

ಆದ್ದರಿಂದ ಯಾರಾದರೂ ‘ಪುರಾಣದಲ್ಲಿದೆ’ ಎಂದಾಗ ಕೇಳಬೇಕಾದ ಪ್ರಶ್ನೆಗಳು ಇವು: ಯಾವ ಪುರಾಣ, ದೇಹ ಸುಟ್ಟಿತೇ ಉಳಿಯಿತೇ, ಕತ್ತರಿಸಿದವರು ಯಾರು, ಯಾವುದರಿಂದ, ಎಷ್ಟು ಕಡೆ ಬಿದ್ದಿತು. ಉತ್ತರಗಳನ್ನು ಬರೆದುಕೊಂಡರೆ ನಿಮ್ಮ ಕೈಯಲ್ಲಿರುವ ಸ್ಥಳಪುರಾಣ ಯಾವ ಗ್ರಂಥದ ನೆರಳಲ್ಲಿದೆ ಎಂಬುದು ತಾನಾಗಿಯೇ ಗೋಚರಿಸುತ್ತದೆ. ಹಲವರು ಕಡೆಗಣಿಸುವ ಇನ್ನೊಂದು ಸಂಗತಿಯೂ ಇದೆ. ಮತ್ಸ್ಯಪುರಾಣದಲ್ಲಿ ಸತಿ ದಕ್ಷನಿಗೆ ತನ್ನ 108 ಹೆಸರುಗಳನ್ನೂ ಅವುಗಳ ಕ್ಷೇತ್ರಗಳನ್ನೂ ಹೇಳುತ್ತಾಳೆ; ವಾರಾಣಸಿಯ ವಿಶಾಲಾಕ್ಷಿಯಿಂದ ತೊಡಗುವ ಆ ಪಟ್ಟಿಯಲ್ಲಿ ನಮ್ಮ ಗೋಕರ್ಣವೂ ಇದೆ. ಆದರೆ ಅಲ್ಲಿ ಅಂಗ ಬಿದ್ದ ಮಾತೇ ಇಲ್ಲ. ಕ್ಷೇತ್ರಗಳ ಪಟ್ಟಿ ಮತ್ತು ಶವದ ಕಥೆ ಮೊದಲು ಬೇರೆಬೇರೆಯಾಗಿದ್ದು ಆಮೇಲೆ ಬೆಸೆದುಕೊಂಡವು ಎಂದು ಊಹಿಸಲು ಇದು ಒಳ್ಳೆಯ ಆಧಾರ.

ಅನಂತರ ನಿಮ್ಮ ಕ್ಷೇತ್ರ ಯಾವ ಪಟ್ಟಿಗೆ ಸೇರಿದ್ದು ಎಂಬುದನ್ನು ನೋಡಬೇಕು. ಹಳೆಯ ತಂತ್ರಗ್ರಂಥಗಳು ಜಾಲಂಧರ, ಓಡ್ಡಿಯಾಣ, ಪೂರ್ಣಗಿರಿ, ಕಾಮರೂಪ ಎಂಬ ನಾಲ್ಕೇ ಪೀಠಗಳನ್ನು ಹೇಳುತ್ತವೆ. ದಕ್ಷಿಣದಲ್ಲಿ ಬಾಯಿಪಾಠವಾಗಿರುವುದು ‘ಲಂಕಾಯಾಂ ಶಾಂಕರೀ ದೇವೀ’ ಎಂದು ತೊಡಗುವ, ಶಂಕರಾಚಾರ್ಯರದೆಂದು ಪ್ರತೀತಿಯಿರುವ 18 ಪೀಠಗಳ ಸ್ತೋತ್ರ. ಬಂಗಾಳದಲ್ಲಿ ಪ್ರಚಾರಕ್ಕೆ ಬಂದ 51 ಪೀಠಗಳ ಪಟ್ಟಿ ಹೆಚ್ಚು ಅಚ್ಚುಕಟ್ಟಾದುದು. ಅದು ಪ್ರತಿ ಪೀಠಕ್ಕೂ ಬಿದ್ದ ಅಂಗ, ದೇವಿಯ ಹೆಸರು ಮತ್ತು ಕಾಯುವ ಭೈರವನ ಹೆಸರು ಕೊಡುತ್ತದೆ. ಆ ಪಟ್ಟಿಯ ಪಾಠವನ್ನು ಪರಿಶೋಧಿಸಿದ ಶಾಸನತಜ್ಞ ಡಿ. ಸಿ. ಸರ್ಕಾರ್ ಅವರ ಅಧ್ಯಯನ 1948ರಲ್ಲಿ ಪ್ರಕಟವಾಯಿತು. ಒಂದು ಪಟ್ಟಿಯಲ್ಲಿರುವ ಕ್ಷೇತ್ರ ಇನ್ನೊಂದರಲ್ಲಿ ಇಲ್ಲದಿದ್ದರೆ ಗಾಬರಿಪಡಬೇಕಾಗಿಲ್ಲ, ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿ ಸರಿಮಾಡಲು ಹೋಗಲೂಬಾರದು. ಸ್ತೋತ್ರದ ಹಳೆಯ ಊರ ಹೆಸರುಗಳನ್ನು ಇಂದಿನ ಊರುಗಳೊಂದಿಗೆ ಗುರುತಿಸುವಲ್ಲಂತೂ ತಕರಾರುಗಳು ತಪ್ಪಿದ್ದಲ್ಲ.

ಈ ಕ್ರಮವನ್ನು ಚಾಮುಂಡಿಬೆಟ್ಟಕ್ಕೆ ಅನ್ವಯಿಸಿ ನೋಡೋಣ. ಸ್ತೋತ್ರದಲ್ಲಿ ‘ಚಾಮುಂಡಾ ಕ್ರೌಂಚಪಟ್ಟಣೇ’ ಎಂದಿದೆ. ಆ ಕ್ರೌಂಚಪಟ್ಟಣವೇ ಮೈಸೂರು, ಸತಿಯ ಕೂದಲು ಇಲ್ಲಿ ಬಿತ್ತು ಎಂಬುದು ನಂಬಿಕೆ. ಇದು ಮೊದಲ ಪದರ. ಆದರೆ ಬೆಟ್ಟದ ಮೇಲೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಮಹಿಷಾಸುರನದು, ಸತಿಯದಲ್ಲ. ಇಲ್ಲಿಯೂ ನಿಧಾನಿಸಬೇಕು: ದೇವೀಮಾಹಾತ್ಮ್ಯದಲ್ಲಿ ಮಹಿಷನ ವಧೆ ಎರಡನೆಯ ಮತ್ತು ಮೂರನೆಯ ಅಧ್ಯಾಯಗಳಲ್ಲಿ ಬರುತ್ತದೆ, ಚಂಡಮುಂಡರನ್ನು ಕೊಂದು ಚಾಮುಂಡಾ ಎನಿಸಿಕೊಳ್ಳುವ ಕಾಳಿ ಕಾಣಿಸಿಕೊಳ್ಳುವುದು ಏಳನೆಯದರಲ್ಲಿ. ಗ್ರಂಥದಲ್ಲಿ ದೂರವಿದ್ದ ಎರಡು ಪ್ರಸಂಗಗಳು ಮೈಸೂರಿನಲ್ಲಿ ಒಬ್ಬಳೇ ದೇವಿಯಲ್ಲಿ ಒಂದಾಗಿವೆ. ಮೂರನೆಯ ಪದರ ಜನಪದರದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಜೀವಂತವಾದುದು. ಅಲ್ಲಿ ಚಾಮುಂಡಿಗೆ ಉತ್ತನಹಳ್ಳಿಯ ಮಾರಿ ತಂಗಿಯಾಗುತ್ತಾಳೆ. ಮಹಿಷನ ರಕ್ತದ ಹನಿಯೊಂದೊಂದರಿಂದಲೂ ರಕ್ಕಸರು ಏಳುತ್ತಿರಲು ಆ ತಂಗಿ ನಾಲಿಗೆ ಚಾಚಿ ನೆತ್ತರನ್ನೆಲ್ಲ ನೆಕ್ಕುತ್ತಾಳೆ. ನಂಜನಗೂಡಿನ ನಂಜುಂಡೇಶ್ವರ ಚಾಮುಂಡಿಯನ್ನು ಮೋಹಿಸುತ್ತಾನೆ, ಮೊದಲ ಹೆಂಡತಿ ದೇವೀರಿ ಸವತಿಯೊಡನೆ ಜಗಳಕ್ಕೆ ನಿಲ್ಲುತ್ತಾಳೆ. ಬೆಟ್ಟ, ಉತ್ತನಹಳ್ಳಿ, ಕಪಿಲೆಯ ದಡ ಹೀಗೆ ಒಂದೇ ಕುಟುಂಬದ ಮನೆಗಳಾಗುತ್ತವೆ. ಸಂಸ್ಕೃತದ ಯಾವ ಪಟ್ಟಿಯೂ ಈ ನಂಟನ್ನು ಹೇಳುವುದಿಲ್ಲ.

ಕಥೆಗಳ ಜೊತೆಗೆ ಕಟ್ಟಡವನ್ನೂ ಓದಬೇಕು. ಅದೇ ಬೆಟ್ಟದಲ್ಲಿರುವ ಮಹಾಬಲೇಶ್ವರ ಗುಡಿ ಚಾಮುಂಡೇಶ್ವರಿ ಗುಡಿಗಿಂತ ಹಳೆಯದು, ಬೆಟ್ಟಕ್ಕೆ ಮಹಾಬಲಾದ್ರಿ ಎಂಬ ಹೆಸರೂ ಇತ್ತು. ಮೆಟ್ಟಿಲುಗಳು 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದವು, ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ್ದು. ಅಂದರೆ ಇಂದು ನಮಗೆ ಕಾಣುವ ವೈಭವ ಅರಮನೆಯ ಭಕ್ತಿಯೊಂದಿಗೆ ಬೆಳೆದುಬಂದದ್ದು. ಇಂತಹ ವಿವರಗಳಿಗೆ ನಾಡಿನ ಶಾಸನಗಳನ್ನು ಸಂಗ್ರಹಿಸಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ನೋಡುವುದು ಒಳ್ಳೆಯದು. ದೇವಸ್ಥಾನದ ಬಳಿ ಮಾರುವ ಕಿರುಹೊತ್ತಗೆಗಳೂ ಬೇಕು, ಆದರೆ ಅವು ಬೇಕಾಗುವುದು ನಂಬಿಕೆಯನ್ನು ತಿಳಿಯುವುದಕ್ಕೆ, ಕಾಲನಿರ್ಣಯಕ್ಕಲ್ಲ.

ಗರ್ಭಗುಡಿಯಲ್ಲಿ ಪೂಜೆ ನಡೆಯುವುದು ಯಾವುದಕ್ಕೆ ಎಂಬುದನ್ನು ಬೇರೆಯಾಗಿಯೇ ಗಮನಿಸಬೇಕು. ಗುವಾಹಟಿಯ ನೀಲಾಚಲದಲ್ಲಿರುವ ಕಾಮಾಖ್ಯೆಗೆ ವಿಗ್ರಹವಿಲ್ಲ, ಒರತೆಯ ನೀರು ತೊಯ್ಯಿಸುತ್ತಿರುವ ಬಂಡೆಯ ಸೀಳೇ ದೇವಿ. ಅದನ್ನೇ ಸತಿಯ ಯೋನಿಯೆಂದು ಪೂಜಿಸುತ್ತಾರೆ, ಆಷಾಢದ ಅಂಬುಬಾಚಿಯ ಸಮಯದಲ್ಲಿ ದೇವಿ ಮುಟ್ಟಾಗುತ್ತಾಳೆಂದು ಮೂರು ದಿನ ಬಾಗಿಲು ಮುಚ್ಚುತ್ತಾರೆ. ಈಗಿನ ಗುಡಿ 1565ರಲ್ಲಿ ಕೋಚ್ ಅರಸರು ಮತ್ತೆ ಕಟ್ಟಿಸಿದ್ದಾದರೂ ಬಂಡೆ ಅದಕ್ಕಿಂತ ಎಷ್ಟೋ ಹಿಂದಿನದು. ಹಿಮಾಚಲದ ಜ್ವಾಲಾಮುಖಿಯಲ್ಲಿ ಬಂಡೆಯ ಸಂದಿಯಿಂದ ಏಳುವ ಅನಿಲದ ಜ್ವಾಲೆಯೇ ಸತಿಯ ನಾಲಿಗೆ. ಇಂತಹ ಕಡೆ ನೆಲದ ವಿಸ್ಮಯ ಮೊದಲು, ಅಂಗದ ಕಥೆ ಆಮೇಲೆ ಎಂದು ಹೇಳುವುದಕ್ಕೆ ಹೆಚ್ಚು ಧೈರ್ಯ ಬೇಕಾಗಿಲ್ಲ. ಮಹಾರಾಷ್ಟ್ರದ ಮಾಹೂರಿನಲ್ಲಿ ಪೂಜೆಗೊಳ್ಳುವುದು ರೇಣುಕೆಯ ಮುಖ ಮಾತ್ರ. ಸವದತ್ತಿಯ ಎಲ್ಲಮ್ಮನ ಕಥೆ ಬಲ್ಲ ಕನ್ನಡಿಗರಿಗೆ, ಪರಶುರಾಮ ತಾಯಿಯ ತಲೆ ಕಡಿದ ಪ್ರಸಂಗ ಅಲ್ಲಿ ಸತಿಯ ಕಥೆಗಿಂತ ಮೊದಲು ನೆನಪಾಗುತ್ತದೆ.

ಮುಂದಿನ ಕೆಲಸ ಅಲೆಮಾರಿ ಪ್ರಸಂಗಗಳನ್ನು ಗುರುತಿಸುವುದು. ಕೊಲ್ಲೂರಿನಲ್ಲಿ ಹೇಳುವ ಕಥೆಯೊಂದರಲ್ಲಿ ಮೂಕಾಂಬಿಕೆ ಶಂಕರಾಚಾರ್ಯರ ಹಿಂದೆ ನಡೆದು ಬರುತ್ತಾಳೆ, ತಿರುಗಿ ನೋಡಬಾರದೆಂಬುದು ಷರತ್ತು. ಗೆಜ್ಜೆಯ ಸದ್ದು ನಿಂತಾಗ ಅವರು ತಿರುಗಿ ನೋಡುತ್ತಾರೆ, ದೇವಿ ಅಲ್ಲಿಯೇ ನೆಲೆಸುತ್ತಾಳೆ. ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ ಚಂದ್ರಲಾಂಬೆಯ ಕಥೆಯೂ ಇದೇ ಹಾದಿಯದು. ಸೇತುರಾಜನಿಂದ ಹೆಂಡತಿಯನ್ನು ಬಿಡಿಸಿಕೊಳ್ಳಲು ನಾರಾಯಣಮುನಿ ಹಿಂಗುಲಾಂಬಿಕೆಯನ್ನು ಮೊರೆಹೊಗುತ್ತಾನೆ, ಅವಳು ಅವನ ಹಿಂದೆ ಬಂದು, ದುಂಬಿಗಳನ್ನು ಬಿಟ್ಟು ಅರಸನನ್ನು ಕೊಲ್ಲಿಸುತ್ತಾಳೆ; ಅವಳೇ ಸನ್ನತಿಯ ಚಂದ್ರಲಾಂಬೆ. ಒಂದೇ ಪ್ರಸಂಗ ಎರಡು ಕಡೆ ಸಿಕ್ಕಿದರೆ ಒಂದು ನಕಲು ಎಂದು ತೀರ್ಮಾನಿಸಬೇಡಿ. ದೇವಿ ಎಲ್ಲಿಂದ ಬಂದಳೆಂದು ಕಥೆ ಹೇಳುತ್ತದೆಯೋ ಆ ದಿಕ್ಕನ್ನು ಗಮನಿಸಿ. ಹಿಂಗುಲೆ ಎಂದರೆ ಸತಿಯ ಬ್ರಹ್ಮರಂಧ್ರ, ಅಂದರೆ ನೆತ್ತಿ, ಬಿದ್ದಿತೆನ್ನುವ ಪೀಠ, ಇಂದಿನ ಬಲೂಚಿಸ್ತಾನದ ಹಿಂಗೋಲ್ ನದಿಯ ಬಳಿಯ ಗುಹೆ. ಅಷ್ಟು ದೂರದ ಪೀಠವನ್ನು ಭೀಮೆಯ ದಡಕ್ಕೆ ತಂದದ್ದು ಪಟ್ಟಿಯಲ್ಲ, ಈ ಕಥೆ.

ಸನ್ನತಿಯಲ್ಲಿ ನೆಲವೇ ಇನ್ನೊಂದು ಸಾಕ್ಷ್ಯ ಕೊಟ್ಟಿತು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಗುಡಿಯ ಚಾವಣಿ ಕುಸಿದು ವಿಗ್ರಹ ಒಡೆದಾಗ, ಅದರ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರುವುದು ಬೆಳಕಿಗೆ ಬಂತು. ಬೌದ್ಧ ನೆಲೆಯೊಂದು ದೇವಿಯ ನೆಲೆಯಾದ ಬಗೆಯನ್ನು ಸ್ಥಳಪುರಾಣ ಹೇಳುವುದಿಲ್ಲ. ಹೇಳದೇ ಬಿಟ್ಟದ್ದನ್ನೂ ಟಿಪ್ಪಣಿಯಲ್ಲಿ ದಾಖಲಿಸಬೇಕು.

ಜನರಿಂದ ಕಥೆ ಕೇಳುವಾಗ ಅರ್ಚಕರೊಬ್ಬರಿಗೇ ನಿಲ್ಲಬಾರದು. ಜಾತ್ರೆಯಲ್ಲಿ ಹಾಡುವವರು, ಹರಕೆ ಹೊತ್ತು ಬಂದ ಹೆಂಗಸರು, ಪಲ್ಲಕ್ಕಿ ಹೊರುವ ಮನೆತನದವರು ಹೇಳುವುದು ಬೇರೆಯೇ ಇರುತ್ತದೆ. ‘ಇದು ನಿಜವೇ’ ಎಂದು ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ನಿಮ್ಮ ಮನೆಯಲ್ಲಿ ಹಿರಿಯರು ಹೇಗೆ ಹೇಳುತ್ತಿದ್ದರು’ ಎಂದು ಕೇಳಿದರೆ ಮುಂದುವರಿಯುತ್ತದೆ. ಧ್ವನಿಮುದ್ರಣಕ್ಕೂ ಫೋಟೋಗೂ ಒಪ್ಪಿಗೆ ಪಡೆಯಿರಿ, ಗರ್ಭಗುಡಿಯ ವಿಷಯದಲ್ಲಿ ಅಲ್ಲಿನ ನಿಯಮವೇ ಕೊನೆಯ ಮಾತು. ಪ್ರತಿ ಕಥೆಯ ಜೊತೆಗೂ ಕೇಳಿದ ಊರು, ದಿನ, ಸಂದರ್ಭಗಳನ್ನು ಬರೆದುಕೊಳ್ಳಿ. ಒಂದೇ ಅಂಗ ತಮ್ಮಲ್ಲಿ ಬಿದ್ದಿತೆಂದು ಎರಡು ಊರುಗಳು ಹೇಳಿದರೆ ಎರಡನ್ನೂ ದಾಖಲಿಸಿ. ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ. ಕೊನೆಗೆ ಬರೆಯಲು ಕುಳಿತಾಗ ನೆಲ ಮತ್ತು ಪೂಜಾವಸ್ತುವನ್ನು ಮೊದಲು, ಊರಿನ ಕಥೆಗಳನ್ನು ಎರಡನೆಯದಾಗಿ, ಶಾಸನ ಮತ್ತು ಕಟ್ಟಡವನ್ನು ಮೂರನೆಯದಾಗಿ ಇಟ್ಟು, ಸತಿಯ ಕಥೆಯನ್ನು ಅದು ಯಾವ ಗ್ರಂಥದ, ಯಾವ ಪಟ್ಟಿಯ ಮೂಲಕ ಬಂದಿದೆ ಎಂಬ ಟಿಪ್ಪಣಿಯೊಂದಿಗೆ ಕೊನೆಯಲ್ಲಿ ಸೇರಿಸಿ.