ರಾತ್ರಿ 2 ಗಂಟೆಯ ಸ್ನಾನ

ಮಕ್ಕಳ ಕ್ಯಾನ್ಸರ್ ವಾರ್ಡಿಗೆ ನರ್ಸ್ ಆಗಿ ಬಂದ ಹೊಸತರಲ್ಲಿ ಥಯೋಟೆಪಾ ನನಗೆ ಇನ್ನೊಂದು ಡ್ರಿಪ್ ಅಷ್ಟೇ ಆಗಿತ್ತು. ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲಕೋಶ) ಕಸಿಗೆ ಮುಂಚೆ ಕೊಡುವ ಜೋರು ಕೀಮೋಗಳಲ್ಲಿ ಇದೂ ಒಂದು. ರಕ್ತಕ್ಕೆ ಹೋದ ಔಷಧಿ ಬೆವರಿನ ಜೊತೆ ಹೊರಗೆ ಬರುತ್ತದೆ, ಚರ್ಮದ ಮೇಲೆ ಕೂತರೆ ಸುಡುತ್ತದೆ.

ಅದಕ್ಕೇ ಈ ಔಷಧಿ ನಡೆಯುವಾಗ ಸ್ನಾನವೂ ಚಾರ್ಟಿನಲ್ಲಿ ಇರುತ್ತದೆ. ನಮ್ಮಲ್ಲಿ 6 ಗಂಟೆಗೊಮ್ಮೆ, ಕೊನೆಯ ಡೋಸ್ ಮುಗಿದು 48 ಗಂಟೆ ಆಗುವ ತನಕ. ಹಾಗಾಗಿ ರಾತ್ರಿ 2ಕ್ಕೂ ಒಂದು ಸರದಿ. "ಸಿಸ್ಟರ್, ಈಗಷ್ಟೇ ಮಲಗಿದಾನೆ. ಬೆಳಿಗ್ಗೆ ಮಾಡಿಸಿದ್ರೆ ಆಗಲ್ವಾ?" ಅಂತ ಕೇಳದ ಅಮ್ಮ ಇಲ್ಲ. ಪಾಪ ಅನಿಸುತ್ತದೆ. ಆದರೂ ಎಬ್ಬಿಸುತ್ತೇನೆ.

ನಾನು ಎಡವಿದ್ದು ಪ್ಲಾಸ್ಟರಿನಲ್ಲಿ. 4 ವರ್ಷದ ಹುಡುಗ, ಸುಮ್ನೆ ಕೂರುವವನೇ ಅಲ್ಲ. ಎದೆಯ ಲೈನ್, ಅಂದರೆ ಔಷಧಿ ಹೋಗಲು ರಕ್ತನಾಳಕ್ಕೆ ಹಾಕಿದ ಟ್ಯೂಬ್, ಎಳೆದುಕೊಂಡಾನು ಅಂತ ಅದರ ಮೇಲೆ ಇನ್ನೊಂದು ಪಟ್ಟಿ ಅಂಟಿಸಿದೆ. ಮರುದಿನ ಬಿಡಿಸಿದರೆ ಕೆಳಗೆ ಪಟ್ಟಿಯ ಅಳತೆಗೇ ಕೆಂಪು. ಆಮೇಲೆ ಕಪ್ಪಾಗಿ ಸುಲಿಯಿತು. ಸ್ಕೇಲ್ ಇಟ್ಟು ಗೀಟು ಎಳೆದ ಹಾಗೆ ನಾಲ್ಕೂ ಅಂಚು ನೇರ! ಬೆವರಿಗೆ ಹೋಗಲು ದಾರಿ ಇಲ್ಲದೆ ಅಲ್ಲೇ ನಿಂತಿತ್ತು. ಈಗ ಅಂಟುವ ಪಟ್ಟಿ ಆದಷ್ಟೂ ಹಚ್ಚುವುದಿಲ್ಲ, ಬಲೆ ಬ್ಯಾಂಡೇಜ್ ಹಾಕುತ್ತೇನೆ. ಡ್ರೆಸ್ಸಿಂಗ್ ದಿನಾ ಬದಲು. ಎಣ್ಣೆ, ಲೋಷನ್, ಪೌಡರ್ ಏನೂ ಬೇಡ, ಅವೂ ಔಷಧಿಯನ್ನು ಮೈಮೇಲೆ ಹಿಡಿದಿಡುತ್ತವೆ.

ನೀರು ಉಗುರುಬೆಚ್ಚಗೆ ಇರಬೇಕು, ಲೈನ್ ನೆನೆಯಬಾರದು. ಉಜ್ಜುವ ಹಾಗಿಲ್ಲ, ಟವೆಲ್ ಒತ್ತಿ ಒತ್ತಿ ಒರೆಸಬೇಕು. ಕತ್ತಿನ ಮಡಿಕೆ, ಕಂಕುಳು, ತೊಡೆಸಂದು, ಕಿವಿಯ ಹಿಂದೆ. ಈ ಕಿವಿಯ ಹಿಂದೆ ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೇನೆ. ಡಯಪರ್ ಹಾಕುವ ಮಗುವಾದರೆ ಕೆಲಸ ಜಾಸ್ತಿ, ಯಾಕಂದರೆ ಮೂತ್ರದಲ್ಲೂ ಔಷಧಿ ಇಳಿಯುತ್ತದೆ. ಒದ್ದೆ ಆದ ತಕ್ಷಣ ತೆಗೆಯಬೇಕು. ಸ್ನಾನ ಆದಾಗಲೆಲ್ಲ ಬಟ್ಟೆ, ಬೆಡ್‌ಶೀಟ್ ಹೊಸದು. ನಾವೂ, ಮನೆಯವರೂ ಗ್ಲೌಸ್ ಹಾಕಲೇಬೇಕು.

ಇಷ್ಟು ಮಾಡಿದರೂ ಕೆಲವು ಮಕ್ಕಳ ಮೈ ಕಪ್ಪಾಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಆ ಪದರ ಉದುರಿ ಕೆಳಗೆ ಹೊಸ ಚರ್ಮ ಬರುತ್ತದೆ. ಇದನ್ನು ಮೊದಲ ದಿನವೇ ಮನೆಯವರಿಗೆ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಸಮಾಧಾನದ ಮಾತು ಅನ್ಕೋತಾರೆ. ಗುಳ್ಳೆ ಎದ್ದರೆ, ಜ್ವರ ಬಂದರೆ ಮಾತ್ರ ಕಾಯುವ ಹಾಗಿಲ್ಲ, ಆ ಗಳಿಗೆಗೇ ಡಾಕ್ಟರಿಗೆ ಹೇಳಬೇಕು. ಬಿಳಿ ರಕ್ತಕಣ ಇಳಿದಿರುತ್ತವಲ್ಲ, ಒಡೆದ ಚರ್ಮಕ್ಕೆ ಬೇಗ ಸೋಂಕು ಹತ್ತುತ್ತದೆ.

ಆ ಹುಡುಗನ ರಾತ್ರಿ 2ರ ಸ್ನಾನಗಳಲ್ಲಿ ಕೊನೆಯ ಸರದಿಗೂ ನನ್ನದೇ ಡ್ಯೂಟಿ. ಟವೆಲ್ ಹಿಡಿದು ಹತ್ತಿರ ಹೋದೆ. ಕಣ್ಣು ಬಿಡಲಿಲ್ಲ. ನಿದ್ದೆಯಲ್ಲೇ ಎರಡೂ ಕೈ ಮೇಲೆತ್ತಿ ಕಂಕುಳು ತೋರಿಸಿದ.