ಸೂರ್ಯನಿಂದ ಒಂದು ಗೇಣು: ಹಿಮಕಣ ಮೋಡವನ್ನೂ ಅದರ ಬಣ್ಣವನ್ನೂ ಗುರುತಿಸುವುದು

ಆಕಾಶದಲ್ಲಿ ಬಣ್ಣ ಕಂಡಾಗ ಮೊದಲು ಸೂರ್ಯನಿಂದ ಅದು ಎಷ್ಟು ದೂರ ಅಂತ ಅಳೆಯಿರಿ. ತೋಳು ಪೂರ್ತಿ ಚಾಚಿ ಬೆರಳು ಅಗಲಿಸಿದರೆ ಒಂದು ಗೇಣಿಗೆ 20ರಿಂದ 22 ಡಿಗ್ರಿ, ಕಿರುಬೆರಳಿನ ಅಗಲಕ್ಕೆ 1 ಡಿಗ್ರಿ. ಸೂರ್ಯನನ್ನು ಕಂಬದ ಹಿಂದೆಯೋ ತಾರಸಿಯ ಅಂಚಿನ ಹಿಂದೆಯೋ ಮರೆಮಾಡಿಕೊಂಡೇ ಅಳೆಯಬೇಕು. ತೆಳುಮೋಡ ಕಣ್ಣನ್ನು ಕಾಪಾಡುವುದಿಲ್ಲ.

ಹಿಮಕಣ ಮೋಡಗಳಲ್ಲಿ ಹಿಂಜಿದ ಹತ್ತಿಯ ಎಳೆಗಳಂತಿರುವುದು ಸಿರಸ್. ಎಳೆಯ ತುದಿಯಿಂದ ಇಳಿದ ಬಾಲ ಬೀಳುತ್ತಿರುವ ಹಿಮಹರಳುಗಳದ್ದು. ಕೆಳಗಿನ ಗಾಳಿಯ ವೇಗ ಬೇರೆಯಾದ್ದರಿಂದ ಅದು ಬಾಗುತ್ತದೆ. ಆಕಾಶಕ್ಕೆ ಮಸ್ಲಿನ್ ಬಟ್ಟೆ ಹೊದಿಸಿದಂತಿದ್ದು ನೆಲದ ಮೇಲೆ ನಿಮ್ಮ ನೆರಳು ಬೀಳುತ್ತಿದ್ದರೆ ಸಿರೋಸ್ಟ್ರೇಟಸ್. ನೆರಳೇ ಇಲ್ಲದೆ ಸೂರ್ಯ ಮಸುಕು ಗಾಜಿನಾಚೆ ಇದ್ದಂತೆ ಕಂಡರೆ ಅದು ಕೆಳಗಿನ ಆಲ್ಟೊಸ್ಟ್ರೇಟಸ್, ಅಲ್ಲಿ ಸೂರ್ಯನ ಸುತ್ತ ಬಣ್ಣದ ಬಳೆ ಹುಡುಕಬೇಡಿ. ಕಾಳು ಕಾಳಾದ ಮೋಡಕ್ಕೆ ಕಿರುಬೆರಳು ಹಿಡಿಯಿರಿ. ನೆತ್ತಿಯ ಕಡೆಯ ಕಾಳುಗಳು ಬೆರಳಿನ ಹಿಂದೆ ಮರೆಯಾದರೆ ಸಿರೋಕ್ಯುಮುಲಸ್.

ಸೂರ್ಯನಿಂದ ಒಂದು ಗೇಣು ದೂರದಲ್ಲಿ, ಒಳಅಂಚು ಕೆಂಪಾಗಿರುವ ಬಳೆಯೇ 22 ಡಿಗ್ರಿ ಪರಿವೇಷ. ಬೆಳಕು ಆರುಮೂಲೆಯ ಹರಳಿನ ಒಂದು ಪಕ್ಕದಲ್ಲಿ ಹೊಕ್ಕು, 60 ಡಿಗ್ರಿ ಓರೆಯಾಗಿರುವ ಇನ್ನೊಂದು ಪಕ್ಕದಿಂದ ಹೊರಬಂದಾಗ ಕನಿಷ್ಠ 22 ಡಿಗ್ರಿ ಬಾಗುತ್ತದೆ. ಬಳೆಯ ಒಳಗು ಕೊಂಚ ಕಪ್ಪಾಗಿ ಕಾಣುವುದು ಅದಕ್ಕೇ. 2021ರ ಮೇ 24ರಂದು ಬೆಂಗಳೂರಿಗರು ಬೀದಿಗಿಳಿದು ನೋಡಿದ್ದು ಇದನ್ನೇ. ಅಂದು ಸೂರ್ಯ ದಿಗಂತದಿಂದ ಸುಮಾರು 70 ಡಿಗ್ರಿ ಮೇಲಿದ್ದ, ಹಾಗಾಗಿ ಅದೇ ದೂರದಲ್ಲಿ ಎಡಬಲಕ್ಕೆ ಹೊಳೆಯುವ ಹುಸಿಸೂರ್ಯಗಳು ಕಾಣುವಂತಿರಲಿಲ್ಲ. ಅವನ್ನು ಸೂರ್ಯ ಕೆಳಗಿರುವ ಬೆಳಗ್ಗೆ, ಸಂಜೆ ನೋಡಬೇಕು.

ಹಿಮಹರಳು ಮೂಡಿಸುವ ಇನ್ನೆರಡು ಬಣ್ಣಗಳಿವೆ, ಒಂದು ಕಮಾನು, ಒಂದು ಪಟ್ಟಿ. ಅವಕ್ಕೆ 1 ಮೀಟರ್ ಕೋಲು ನೆಟ್ಟು ನೆರಳು ಅಳೆಯಿರಿ. ನೆರಳು 160 ಸೆಂ.ಮೀ. ದಾಟಿದ್ದರೆ ಸೂರ್ಯ 32 ಡಿಗ್ರಿಗಿಂತ ಕೆಳಗಿದ್ದಾನೆ. ಆಗ ನೆತ್ತಿಯ ಹತ್ತಿರ, ಸೂರ್ಯನಿಂದ ಎರಡು ಗೇಣು ಮೇಲೆ, ತಲೆಕೆಳಗಾದ ಕಾಮನಬಿಲ್ಲಿನಂಥ ಕಮಾನು ಸಿಗಬಹುದು. ನೆರಳು 62 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸೂರ್ಯ 58 ಡಿಗ್ರಿ ದಾಟಿದ್ದಾನೆ. ಆಗ ಸೂರ್ಯನಿಂದ ಎರಡು ಗೇಣು ಕೆಳಗೆ, ದಿಗಂತಕ್ಕೆ ಸಮಾನಾಂತರವಾಗಿ, ದಟ್ಟ ಬಣ್ಣದ ಪಟ್ಟಿ ಹುಡುಕಿ. ಡಿಸೆಂಬರಿನಲ್ಲಿ ಬೆಂಗಳೂರಿನ ನಡುಮಧ್ಯಾಹ್ನದ ಸೂರ್ಯ 54 ಡಿಗ್ರಿಯಷ್ಟೇ ಏರುವುದರಿಂದ ಆಗ ಈ ಪಟ್ಟಿ ಸಿಗದು. ಇದನ್ನು ಕಾಮನಬಿಲ್ಲು ಅನ್ನುವುದು ತಪ್ಪು, ಕಾಮನಬಿಲ್ಲು ಮೂಡುವುದು ಸೂರ್ಯನಿಗೆ ಬೆನ್ನು ಕೊಟ್ಟ ಕಡೆ.

ಹೆಚ್ಚಾಗಿ ಎಡವುವುದು ಚಂದ್ರನ ವಿಷಯದಲ್ಲಿ. ಚಂದ್ರನಿಗೆ ಅಂಟಿಕೊಂಡ, ಕೆಲವೇ ಡಿಗ್ರಿ ಅಗಲದ, ಹೊರಅಂಚು ಕೆಂಪಾದ ತಟ್ಟೆ ಪರಿವೇಷವಲ್ಲ, ಕರೋನಾ. ಬಹುಪಾಲು ನೀರಹನಿಗಳ ಮೋಡದ್ದು. ಮೊಬೈಲ್ ಫೋಟೊದಲ್ಲಿ ಮಾತ್ರ ಕಾಣುವ ಬಣ್ಣದ ಚುಕ್ಕೆಯನ್ನೂ ನಂಬಬೇಡಿ. ಫೋನ್ ಸ್ವಲ್ಪ ಓರೆ ಮಾಡಿ, ಚುಕ್ಕೆಯೂ ಜಾಗ ಬದಲಿಸಿದರೆ ಅದು ಲೆನ್ಸಿನದು.