ಹೊಟ್ಟೆಯಲ್ಲಿ ಮಾತ್ರ ಅಲ್ಲ, ಕೆಳಗೂ ನೋವು: ನನ್ನ ಅನುಭವ

ಮುಟ್ಟಿನಲ್ಲಿ ನನಗೆ ಕಿಬ್ಬೊಟ್ಟೆ ಹಿಂಡುವುದರ ಜೊತೆಗೆ ಯೋನಿ ಕೆಳಕ್ಕೆ ಜಗ್ಗಿದಂತೆ, ಗುದದ ಕಡೆ ಚುಚ್ಚಿದಂತೆ ಆಗುತ್ತಿತ್ತು. ಕಕ್ಕಸಿಗೆ ಕೂರಲೂ ಭಯ. ಮೂಡಿಗೆರೆ ಕಡೆ ನಮ್ಮದು ಕಾಫಿ ತೋಟ, ಕೊಯ್ಲಿನ ಸಮಯದಲ್ಲಿ ಇಡೀ ದಿನ ನಿಂತೇ ಇರಬೇಕು. 'ಒಂದು ಮಗು ಆದ್ರೆ ಸರಿಹೋಗುತ್ತೆ' ಅನ್ನುತ್ತಿದ್ದರು ಅಜ್ಜಿ. ಮಗು ಆಯಿತು, ನೋವು ಹೋಗಲಿಲ್ಲ, ಗಂಡನ ಜೊತೆ ಕೂಡುವಾಗಲೂ ನೋಯತೊಡಗಿತು.

ನಾನು ಮಾಡಿದ್ದು ಇಷ್ಟು. ಅಡುಗೆಮನೆಯ ಕ್ಯಾಲೆಂಡರ್‌ನಲ್ಲೇ ಬರೆಯುತ್ತಾ ಹೋದೆ: ಯಾವತ್ತು, ಎಲ್ಲಿ ನೋವು, ಮಲವಿಸರ್ಜನೆಯಲ್ಲಿ ಜಾಸ್ತಿಯಾಯಿತಾ, ಮಾತ್ರೆ ಕೆಲಸ ಮಾಡಿತಾ. ಅದನ್ನು ಹಿಡಿದು ಹಾಸನದ ಸ್ತ್ರೀರೋಗ ತಜ್ಞರ ಹತ್ತಿರ ಹೋದೆ. ಬರೀ ಹೊಟ್ಟೆನೋವು ಅಂದಾಗ ಕೇಳದ ಪ್ರಶ್ನೆಗಳನ್ನೆಲ್ಲ ಆವತ್ತು ಕೇಳಿದರು, ಒಳಪರೀಕ್ಷೆಯನ್ನೂ ಮಾಡಿದರು. ಸ್ಕ್ಯಾನಿಂಗ್ ನಾರ್ಮಲ್ ಬಂತು. ಆದರೆ ಸ್ಕ್ಯಾನಿಂಗ್ ನಾರ್ಮಲ್ ಇದ್ದರೂ ಎಂಡೊಮೆಟ್ರಿಯೋಸಿಸ್ ಇರಬಹುದು, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಈ ಕಾಯಿಲೆಯಲ್ಲಿ ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೆ, ಕೆಲವರಿಗೆ ಗರ್ಭಕೋಶದ ಹಿಂದೆ ಗುದದ ಹತ್ತಿರ ಬೆಳೆಯುತ್ತದೆ. ನನ್ನ ನೋವು ಅಲ್ಲಿಗೇ ಹೊಂದುತ್ತಿತ್ತು.

ಆಪರೇಷನ್ ಬೇಡ, ಮೊದಲು ಔಷಧಿ ನೋಡೋಣ ಅಂದರು. ದಿನಕ್ಕೊಂದು ಡೈನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ, 2 ಮಿಲಿಗ್ರಾಂ. ಶುರುವಿನಲ್ಲಿ ಆಗಾಗ ಸ್ವಲ್ಪ ರಕ್ತ ಕಾಣಿಸುತ್ತಿತ್ತು, ಆಮೇಲೆ ಮುಟ್ಟೇ ನಿಂತಿತು, ನೋವು ತುಂಬಾ ಇಳಿಯಿತು. ಇದನ್ನು ಗರ್ಭನಿರೋಧಕ ಅಂತ ನಂಬಬಾರದು, ಕಾಂಡೋಮ್ ಬೇಕು.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ವರ್ಷಗಟ್ಟಲೆ ನೋವು ತಡೆದುಕೊಂಡು ಕೆಳಗಿನ ಸ್ನಾಯುಗಳು ಬಿಗಿಯಾಗಿಬಿಟ್ಟಿದ್ದವು. ಫಿಸಿಯೋಥೆರಪಿಯಲ್ಲಿ ಮೊಣಕಾಲು ಮಡಚಿ ಮಲಗಿ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು, ಆ ಜಾಗವನ್ನು ಸಡಿಲ ಬಿಡುವುದನ್ನು ಕಲಿಸಿದರು. ಬಿಗಿ ಹಿಡಿಯುವ ವ್ಯಾಯಾಮ ಬೇಡ ಅಂದರು. ಕೂಡುವಾಗಿನ ನೋವು ಕಮ್ಮಿಯಾಗಿದ್ದು ಇದರಿಂದಲೇ ಅಂತ ನನ್ನ ನಂಬಿಕೆ.

ನನ್ನ ತಂಗಿಯದು ಬರೀ ಮುಟ್ಟಿನ ನೋವು. ಅದಕ್ಕೆ ಕಾರಣ ದೇಹದಲ್ಲೇ ತಯಾರಾಗುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ, ಅದು ಗರ್ಭಕೋಶವನ್ನು ಹಿಂಡಿಸುತ್ತದೆ. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಅದನ್ನೇ ಕಡಿಮೆ ಮಾಡುವ ಮಾತ್ರೆಗಳು, ಹಾಗಾಗಿ ನೋವು ಏರುವವರೆಗೆ ಕಾಯದೆ ಶುರುವಾಗುತ್ತಲೇ ಊಟ ಮಾಡಿ ತಗೊಂಡರೆ ಕೆಲಸ ಮಾಡುತ್ತವೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು, ಗರ್ಭಿಣಿ ಇರಬಹುದು ಅನ್ನಿಸುವವರು ಡಾಕ್ಟರನ್ನು ಕೇಳದೆ ತಗೋಬೇಡಿ. ಮಾತ್ರೆ ಶುರು ಮಾಡಿದ ಮೇಲೆ ಜ್ವರ, ಮೈಮೇಲೆ ಗಂದೆ ಬಂದರೆ ಅದನ್ನು ನಿಲ್ಲಿಸಿ ತಕ್ಷಣ ತೋರಿಸಿ. ಬಿಸಿನೀರಿನ ಬ್ಯಾಗ್ ಅವಳಿಗೂ ನನಗೂ ಹಿತ, ಟವೆಲ್ ಸುತ್ತಿ ಇಟ್ಟುಕೊಳ್ಳುತ್ತೇವೆ.

ಜ್ವರದ ಜೊತೆ ಕಿಬ್ಬೊಟ್ಟೆ ನೋವು, ವಾಸನೆಯ ಬಿಳಿಸೆರಗು ಇದ್ದರೆ ಅದು ಸೋಂಕಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.